ಎಣ್ಣೆ ಕುಡಿಯುವ ಎಂಜಿನ್ನು

"ಗಾಡಿ ಎಣ್ಣೆ ಕುಡಿಯುತ್ತಿದೆ. ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು" ಎಂದು ಗ್ಯಾರೇಜಿನವರು ಹೇಳಿದ ದಿನ ಮನೆಯ ತಿಂಗಳ ಲೆಕ್ಕವೇ ತಲೆಕೆಳಗಾಗುತ್ತದೆ. ಆ ಮಾತು ನಿಜವಿರಬಹುದು, ಇಲ್ಲದೆಯೂ ಇರಬಹುದು. ಎಂಜಿನ್ ಬಿಚ್ಚುವ ಮೊದಲೇ ಕಾರಣವನ್ನು ಬಹುಮಟ್ಟಿಗೆ ಗುರುತಿಸಬಹುದು. ಅದಕ್ಕೆ ಬೇಕಾದುದು ಒಂದು ಚೂರು ಬಟ್ಟೆ, ಒಂದು ಟಿಪ್ಪಣಿ ಪುಸ್ತಕ ಮತ್ತು ಸ್ವಲ್ಪ ತಾಳ್ಮೆ.

ಹೊಗೆಯ ವಿಷಯದಲ್ಲಿ ನಮ್ಮಲ್ಲಿ ಒಂದು ಹಳೆಯ ಔದಾಸೀನ್ಯವಿದೆ. ೧೯೬೧ರಿಂದ ೧೯೯೬ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳು ಟೂ ಸ್ಟ್ರೋಕ್ ಎಂಜಿನ್ನಿನವು. ಅವುಗಳಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಹಾಕುತ್ತಿದ್ದರು. ಎಣ್ಣೆ ಉರಿದುಹೋಗುವುದೇ ಅಲ್ಲಿನ ಕ್ರಮ. ಹೊಗೆ ಕಂಡರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಇಂದು ನಿಮ್ಮ ಅಂಗಳದಲ್ಲಿ ನಿಂತಿರುವ ಪೆಟ್ರೋಲ್ ಗಾಡಿ ಬಹುತೇಕ ಫೋರ್ ಸ್ಟ್ರೋಕ್ ಎಂಜಿನ್ನಿನದು. ಇದರಲ್ಲಿ ಎಣ್ಣೆ ತಳದಿಂದ ಮೇಲೇರಿ, ಚಲಿಸುವ ಭಾಗಗಳನ್ನು ನೆನೆಸಿ, ಮತ್ತೆ ತಳಕ್ಕೇ ಇಳಿಯಬೇಕು. ಅದು ಉರಿಯಬೇಕಾದ ವಸ್ತುವಲ್ಲ.

ಮೊದಲು ಅಳತೆ. ಗಾಡಿಯನ್ನು ಸಮನೆಲದಲ್ಲಿ ನಡುವಿನ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ. ಎರಡು ಮೂರು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಮತ್ತೆ ಅಷ್ಟೇ ಹೊತ್ತು ಕಾಯಿರಿ. ಎಣ್ಣೆಯ ಕಡ್ಡಿಯನ್ನು ತೆಗೆದು ಒರೆಸಿ, ಮತ್ತೆ ಇಳಿಬಿಟ್ಟು ನೋಡಿ. ಅನೇಕ ಗಾಡಿಗಳಲ್ಲಿ ಅಳೆಯುವಾಗ ಕಡ್ಡಿಯ ಮುಚ್ಚಳವನ್ನು ತಿರುಗಿಸಿ ಬಿಗಿಯಬಾರದು, ಸುಮ್ಮನೆ ಕೂರಿಸಬೇಕು. ಗಾಡಿಯೊಡನೆ ಬಂದ ಕೈಪಿಡಿಯಲ್ಲಿ ಇದನ್ನು ತಿಳಿಸಿರುತ್ತಾರೆ. ಮೇಲಿನ ಗೆರೆಯವರೆಗೆ ಎಣ್ಣೆ ತುಂಬಿ, ಆ ದಿನದ ಕಿಲೋಮೀಟರನ್ನು ಬರೆದಿಡಿ. ೫೦೦ ಕಿಲೋಮೀಟರಿಗೊಮ್ಮೆ ನೋಡಿ. ಸ್ವಲ್ಪ ಇಳಿಯುವುದು ಸಹಜ. ಆದರೆ ೧,೦೦೦ ಕಿಲೋಮೀಟರಿನೊಳಗೆ ಕೆಳಗಿನ ಗೆರೆಗೆ ಬಂದರೆ ಕಾರಣ ಹುಡುಕಲೇಬೇಕು.

ಹೋದ ಎಣ್ಣೆಗೆ ಮೂರು ದಾರಿಗಳುಂಟು. ಒಂದನೆಯದು ಸೋರಿಕೆ. ಎಂಜಿನ್ನನ್ನು ಒರೆಸಿ, ರಾತ್ರಿ ಅದರ ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿ, ಬೆಳಿಗ್ಗೆ ತೊಟ್ಟು ಬಿದ್ದಿದೆಯೇ ನೋಡಿ. ಓಡುವಾಗ ಮಾತ್ರ ಜಿನುಗುವ ಎಣ್ಣೆ ಕಾಗದದ ಮೇಲೆ ಬೀಳದು. ಆದರೆ ಒರೆಸಿದ ಜಾಗದಲ್ಲಿ ಮತ್ತೆ ಧೂಳು ಮೆತ್ತಿಕೊಂಡು ತನ್ನ ಗುರುತನ್ನು ತೋರಿಸುತ್ತದೆ.

ಎರಡನೆಯದು ಉಸಿರುಕೊಳವೆ. ಎಂಜಿನ್ನಿನ ಒಳಗಿನ ಆವಿಯನ್ನು ಒಂದು ರಬ್ಬರ್ ಕೊಳವೆ ಏರ್ ಫಿಲ್ಟರಿನ ಪೆಟ್ಟಿಗೆಗೆ ಒಯ್ಯುತ್ತದೆ. "ಇನ್ನಷ್ಟು ಇರಲಿ" ಎಂದು ಮೇಲಿನ ಗೆರೆಯನ್ನು ದಾಟಿಸಿ ತುಂಬಿದ ಎಣ್ಣೆ ನೊರೆಯೆದ್ದು ಈ ಕೊಳವೆಯನ್ನು ಸೇರುತ್ತದೆ. ಫಿಲ್ಟರಿನ ಪೆಟ್ಟಿಗೆಯಲ್ಲಿ ಎಣ್ಣೆ ನಿಂತಿದ್ದರೆ ಮೊದಲು ಈ ತಪ್ಪನ್ನು ಸರಿಪಡಿಸಿ. ಅಳತೆ ಸರಿಯಿದ್ದೂ ಮತ್ತೆ ಎಣ್ಣೆ ಬಂದರೆ ಪಿಸ್ಟನ್ನಿನ ರಿಂಗುಗಳ ಮೇಲೆ ಸಂಶಯ ಪಡಬೇಕು.

ಮೂರನೆಯದು ಉರಿದುಹೋಗುವುದು. ಇದಕ್ಕೆ ಸೈಲೆನ್ಸರಿನ ಹೊಗೆಯೇ ಸಾಕ್ಷಿ. ಕಪ್ಪು ಹೊಗೆ ಪೆಟ್ರೋಲು ಹೆಚ್ಚಾದುದರ ಗುರುತು. ಚಳಿಯ ಬೆಳಗಿನ ಬಿಳಿ ಹೊಗೆ ಬರಿಯ ನೀರಾವಿ. ಎಂಜಿನ್ ಬಿಸಿಯಾದೊಡನೆ ಮಾಯವಾಗುತ್ತದೆ. ನೀಲಿ ಛಾಯೆಯ ಹೊಗೆ ಮಾತ್ರ ಎಣ್ಣೆಯದು. ಆ ಹೊಗೆ ಯಾವಾಗ ಬರುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಒಂದು ಮುದ್ದೆ ಹೊಗೆ ಬಂದು ಆಮೇಲೆ ನಿಂತರೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ತಿರುಗಿಸಿದಾಗ ಕಾಣಿಸಿಕೊಂಡರೆ, ವಾಲ್ವಿನ ಕಾಂಡದ ಸುತ್ತಲಿನ ಸೀಲು ಗಡುಸಾಗಿರಬಹುದು, ಇಲ್ಲವೆ ವಾಲ್ವಿನ ಗೈಡು ಸವೆದಿರಬಹುದು. ಸೀಲು ಒಂದು ಚಿಕ್ಕ ರಬ್ಬರ್ ಭಾಗ. ಅದನ್ನು ಬದಲಿಸಲು ಸಿಲಿಂಡರನ್ನು ಬೋರ್ ಮಾಡಿಸಬೇಕಾಗಿಲ್ಲ. ಏರು ಹತ್ತುವಾಗ, ಇಬ್ಬರು ಕುಳಿತಾಗ, ಬಿಸಿಯಾದ ಮೇಲೂ ಬಿಡದೆ ಹೊಗೆ ಬರುತ್ತಿದ್ದು ಎಳೆತವೂ ಕುಗ್ಗಿದ್ದರೆ ರಿಂಗು ಅಥವಾ ಸಿಲಿಂಡರಿನ ಸವೆತವೇ ಕಾರಣವಿರಬಹುದು.

ಈ ಎರಡನೆಯ ಸಂಶಯವನ್ನು ಕಂಪ್ರೆಷನ್ ಗೇಜಿನಿಂದ ಪರೀಕ್ಷಿಸುವಂತೆ ಮೆಕ್ಯಾನಿಕ್ಕನ್ನು ಕೇಳಿ. ಪ್ಲಗ್ಗಿನ ರಂಧ್ರದಲ್ಲಿ ಗೇಜನ್ನು ಇಟ್ಟು ಒಮ್ಮೆ ಒತ್ತಡ ಅಳೆಯಬೇಕು. ಅದು ಕಡಿಮೆಯಿದ್ದರೆ ಒಂದು ಚಮಚ ಎಣ್ಣೆಯನ್ನು ಅದೇ ರಂಧ್ರದಿಂದ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಒತ್ತಡ ಚೆನ್ನಾಗಿ ಏರಿದರೆ ದೋಷ ರಿಂಗಿನ ಕಡೆಯದು. ಎಣ್ಣೆ ಆ ಸಂದನ್ನು ಆ ಕ್ಷಣಕ್ಕೆ ಮುಚ್ಚಿದೆ. ಬೋರ್ ಮಾಡಿಸುವ ಮಾತು ಇದರ ಅನಂತರ ಬರಬೇಕು. ಆಗಲೂ ಸವೆತಕ್ಕೆ ಕಾರಣವೇನೆಂದು ವಿಚಾರಿಸಿ. ಹರಿದ ಏರ್ ಫಿಲ್ಟರಿನಿಂದ ರಸ್ತೆಯ ಧೂಳು ಒಳನುಗ್ಗಿದ್ದರೆ, ಹೊಸ ಪಿಸ್ಟನ್ನಿಗೂ ಅದೇ ಗತಿ.

"ಇಳಿದರೆ ಇಳಿಯಲಿ, ಹಾಕುತ್ತಾ ಹೋದರಾಯಿತು" ಎನ್ನುವವರಿಗೆ ಒಂದು ಮಾತು. ಸಣ್ಣ ಗಾಡಿಯಲ್ಲಿರುವ ಎಣ್ಣೆ ಒಂದು ಲೀಟರಿನ ಆಸುಪಾಸು ಮಾತ್ರ. ಎಷ್ಟೋ ಗಾಡಿಗಳಲ್ಲಿ ಎಣ್ಣೆ ತೀರಿತೆಂದು ಎಚ್ಚರಿಸುವ ದೀಪವೂ ಇರುವುದಿಲ್ಲ. ಒಣಗಿದ ಎಂಜಿನ್ ಓಟದ ನಡುವೆ ಕಚ್ಚಿಕೊಂಡರೆ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರವೂ ಬಿಗಿದು ನಿಲ್ಲಬಹುದು. ಆಗ ಅಪಾಯ ಎಂಜಿನ್ನಿಗೆ ಮಾತ್ರವಲ್ಲ, ಮೇಲೆ ಕುಳಿತವರಿಗೆ.

ಆದ್ದರಿಂದ ತಿಂಗಳಿಗೆರಡು ಸಲ ಕಡ್ಡಿ ತೆಗೆದು ನೋಡುವ ರೂಢಿಯಿರಲಿ. ಗ್ಯಾರೇಜಿಗೆ ಹೋಗುವಾಗ ನಿಮ್ಮ ಟಿಪ್ಪಣಿ ಪುಸ್ತಕವೂ ಜೊತೆಯಲ್ಲಿರಲಿ. ಎಷ್ಟು ಕಿಲೋಮೀಟರಿಗೆ ಎಷ್ಟು ಇಳಿಯಿತು, ಹೊಗೆ ಯಾವಾಗ ಬಂತು ಎಂದು ಹೇಳಬಲ್ಲವರಿಗೆ ಒಳ್ಳೆಯ ಮೆಕ್ಯಾನಿಕ್ ಬೇಗ ಉತ್ತರ ಕೊಡುತ್ತಾನೆ. ಬೇಡದ ಕೆಲಸವನ್ನು ಹೇಳುವವನು ಒಮ್ಮೆ ಯೋಚಿಸುತ್ತಾನೆ.