ಪ್ರೊಸೀಜರ್ ಓಡುತ್ತಿದೆಯೇ? ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ನಿಂತಿದೆ ಎಂದಲ್ಲ!

ಪುಣೆಯಿರಲಿ, ಹೈದರಾಬಾದಿರಲಿ, ಐಟಿ ಕಂಪನಿಗಳ ನೈಟ್ ಶಿಫ್ಟ್‌ನವರಿಗೆ ಈ ದೃಶ್ಯ ಹೊಸದಲ್ಲ. ತಿಂಗಳ ಕೊನೆಯ ರಾತ್ರಿ, ಬ್ಯಾಂಕಿನ ಬಡ್ಡಿ ಲೆಕ್ಕದ ಜಾಬ್ ಶುರುವಾಗಿದೆ. ಒಂದು ಗಂಟೆಯಿಂದ ಪರದೆಯ ಮೇಲೆ ಏನೂ ಬದಲಾಗಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಫೋನ್: ‘ಓಡ್ತಾ ಇದೆಯಾ, ನಿಂತಿದೆಯಾ?’ ನಿಂತಿದ್ದನ್ನು ಓಡುತ್ತಿದೆ ಎಂದುಕೊಂಡರೆ ಬೆಳಗ್ಗೆ ಲೆಕ್ಕ ಸಿದ್ಧವಿರುವುದಿಲ್ಲ. ಓಡುತ್ತಿರುವುದನ್ನು ನಿಂತಿದೆ ಎಂದುಕೊಂಡು ಮತ್ತೆ ಶುರು ಮಾಡಿದರೆ ಗ್ರಾಹಕರ ಖಾತೆಗೆ ಬಡ್ಡಿ ಎರಡು ಸಲ ಬೀಳಬಹುದು.

ಸ್ಟೋರ್ಡ್ ಪ್ರೊಸೀಜರ್ ಎಂದರೆ ಡೇಟಾಬೇಸ್‌ನ ಒಳಗೇ ಬರೆದಿಟ್ಟ, ಹೆಸರು ಹಿಡಿದು ಕರೆದರೆ ಓಡುವ ಆದೇಶಗಳ ಕಟ್ಟು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದು ಓಡುತ್ತಿದೆಯೇ ಎಂದು ನೋಡಲು 2005ರ ಆವೃತ್ತಿಯಿಂದ ‘ಸಿಸ್.ಡಿಎಂ_ಎಕ್ಸೆಕ್_ರಿಕ್ವೆಸ್ಟ್ಸ್’ ಎಂಬ ವ್ಯೂ ಇದೆ. ಆ ಕ್ಷಣ ನಡೆಯುತ್ತಿರುವ ಪ್ರತಿ ಕೆಲಸಕ್ಕೂ ಅದರಲ್ಲಿ ಒಂದು ಸಾಲು. ಇದಕ್ಕೆ ‘ಸಿಸ್.ಡಿಎಂ_ಎಕ್ಸೆಕ್_ಎಸ್‌ಕ್ಯೂಎಲ್_ಟೆಕ್ಸ್ಟ್’ ಜೋಡಿಸಿದರೆ ಪ್ರೊಸೀಜರ್‌ನ ಆಬ್ಜೆಕ್ಟ್ ಐಡಿ ಸಿಗುತ್ತದೆ, ಅದರಿಂದ ಹೆಸರು. ನೋಡಲು 2019ರ ಆವೃತ್ತಿಯವರೆಗೆ ‘ವ್ಯೂ ಸರ್ವರ್ ಸ್ಟೇಟ್’ ಅನುಮತಿ ಬೇಕು, 2022ರ ಆವೃತ್ತಿಯಿಂದ ‘ವ್ಯೂ ಸರ್ವರ್ ಪರ್ಫಾರ್ಮೆನ್ಸ್ ಸ್ಟೇಟ್’. ಅದಿಲ್ಲದವರಿಗೆ ತಮ್ಮ ಸೆಷನ್ ಮಾತ್ರ ಕಾಣುತ್ತದೆ. ಪಟ್ಟಿ ಖಾಲಿ ಎಂದು ನಂಬಿ ಮೋಸಹೋಗುವವರು ಇವರೇ.

ಅನುಮತಿ ಇದ್ದವರೂ ಎಡವುವ ಜಾಗ ಇನ್ನೊಂದಿದೆ. ಬಡ್ಡಿಯ ಪ್ರೊಸೀಜರ್ ತನ್ನೊಳಗಿಂದ ಇನ್ನೊಂದನ್ನು ಕರೆದಿದ್ದರೆ ಪಟ್ಟಿಯಲ್ಲಿ ಕಾಣುವುದು ಒಳಗಿನದರ ಹೆಸರು, ಹೊರಗಿನದಲ್ಲ. ಒಳಗೆ ಡೈನಾಮಿಕ್ ಎಸ್‌ಕ್ಯೂಎಲ್ ಓಡುತ್ತಿದ್ದರಂತೂ ಯಾವ ಪ್ರೊಸೀಜರ್ ಹೆಸರೂ ಬರುವುದಿಲ್ಲ. ಮೊದಲು ಕಳಿಸಿದ ಆದೇಶ ಯಾವುದೆಂದು ತಿಳಿಯಲು ‘ಡಿಬಿಸಿಸಿ ಇನ್‌ಪುಟ್‌ಬಫರ್’ಗೆ ಸೆಷನ್ ಸಂಖ್ಯೆ ಕೊಟ್ಟು ಕೇಳಬೇಕು. ಮೈಎಸ್‌ಕ್ಯೂಎಲ್‌ನ ಪ್ರೊಸೆಸ್‌ಲಿಸ್ಟ್‌ನಲ್ಲೂ ಇದೇ ಕಥೆ: ‘ಕಾಲ್’ ಬದಲು ಒಳಗಿನ ‘ಸೆಲೆಕ್ಟ್’ ಕಾಣುತ್ತದೆ. ಈ ವಿಷಯದಲ್ಲಿ ಒರಾಕಲ್ ಜಾಣ. ಅದರ ‘ವಿ ಡಾಲರ್ ಸೆಷನ್’ನಲ್ಲಿ ಮೊದಲು ಕರೆದದ್ದಕ್ಕೊಂದು, ಈಗ ಓಡುತ್ತಿರುವುದಕ್ಕೊಂದು, ಹೀಗೆ ಬೇರೆ ಬೇರೆ ಕಾಲಂಗಳಿವೆ.

ಸಾಲು ಸಿಕ್ಕರೂ ಕೆಲಸ ಸಾಗುತ್ತಿದೆ ಎಂದರ್ಥವಲ್ಲ. ‘ಬ್ಲಾಕಿಂಗ್_ಸೆಷನ್_ಐಡಿ’ ಸೊನ್ನೆಯಲ್ಲದಿದ್ದರೆ ಅದು ಸಾಮಾನ್ಯವಾಗಿ ಬೇರೊಬ್ಬರ ಲಾಕ್‌ಗಾಗಿ ಕಾಯುತ್ತಾ ನಿಂತಿದೆ. ಸಿಪಿಯು ಸಮಯ ಮತ್ತು ಲಾಜಿಕಲ್ ರೀಡ್ಸ್ ಅಂಕಿಗಳನ್ನು ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಏರುತ್ತಿದ್ದರೆ ಕೆಲಸ ನಡೆಯುತ್ತಿದೆ. ಇದಕ್ಕೆ ತದ್ವಿರುದ್ಧವೂ ಉಂಟು: ಅಪ್ಲಿಕೇಶನ್ ಟೈಮ್‌ಔಟ್ ಆಗಿ ಕೈಬಿಟ್ಟ ಸೆಷನ್ ಈ ಪಟ್ಟಿಯಲ್ಲೇ ಇರುವುದಿಲ್ಲ. ಆದರೆ ಅದರ ಟ್ರಾನ್ಸಾಕ್ಷನ್ ತೆರೆದೇ ಉಳಿದು, ಲಾಕ್‌ಗಳನ್ನು ಹಿಡಿದು ಕೂತಿರಬಹುದು. ಅದನ್ನು ಹುಡುಕಬೇಕಾದದ್ದು ‘ಸಿಸ್.ಡಿಎಂ_ಎಕ್ಸೆಕ್_ಸೆಷನ್ಸ್’ನಲ್ಲಿ, ‘ಸ್ಲೀಪಿಂಗ್’ ಎಂದಿರುವ ಸಾಲುಗಳ ನಡುವೆ.

ಸಿಟ್ಟಿನಲ್ಲಿ ‘ಕಿಲ್’ ಒತ್ತುವ ಮುನ್ನ ಒಂದು ಮಾತು. ಮೂರು ಗಂಟೆ ಮಾಡಿದ ಬದಲಾವಣೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿದ್ದರೆ ಅಷ್ಟನ್ನೂ ಸರ್ವರ್ ಹಿಂದಕ್ಕೆ ತೆಗೆಯಬೇಕು, ಅದಕ್ಕೂ ಗಂಟೆಗಟ್ಟಲೆ ಹಿಡಿಯಬಹುದು. ಸರ್ವರ್ ರೀಸ್ಟಾರ್ಟ್ ಮಾಡಿದರೂ ಆ ಬಾಕಿ ತಪ್ಪುವುದಿಲ್ಲ. ‘ಕಿಲ್ ವಿತ್ ಸ್ಟೇಟಸ್‌ಓನ್ಲಿ’ ಕೊಟ್ಟರೆ ಎಷ್ಟು ಹಿಂದಕ್ಕೆ ಬಂದಿದೆ ಎಂದಷ್ಟೇ ತಿಳಿಯುತ್ತದೆ.

ಅನೇಕ ತಂಡಗಳು ‘ಓಡುತ್ತಿಲ್ಲದಿದ್ದರೆ ಶುರು ಮಾಡು’ ಎಂದು ಈ ಪರೀಕ್ಷೆಯನ್ನೇ ಕೋಡ್‌ನಲ್ಲಿ ಬರೆದಿಡುತ್ತವೆ. ಇದು ಅಪಾಯ. ಪಟ್ಟಿ ನೋಡಿದ ಗಳಿಗೆಗೂ ಶುರು ಮಾಡಿದ ಗಳಿಗೆಗೂ ನಡುವೆ ಇನ್ನೊಬ್ಬರು ಅದೇ ಪಟ್ಟಿ ನೋಡಿ, ಅದೇ ತೀರ್ಮಾನಕ್ಕೆ ಬರಬಹುದು. ಇದಕ್ಕಾಗಿಯೇ ಇರುವುದು ‘ಎಸ್‌ಪಿ_ಗೆಟ್‌ಆ್ಯಪ್‌ಲಾಕ್’. ಪ್ರೊಸೀಜರ್ ತನ್ನ ಮೊದಲ ಸಾಲಿನಲ್ಲೇ ಒಂದು ಹೆಸರಿನ ಎಕ್ಸ್‌ಕ್ಲೂಸಿವ್ ಲಾಕ್ ಕೇಳುತ್ತದೆ. 0 ಅಥವಾ 1 ಬಂದರೆ ಲಾಕ್ ಸಿಕ್ಕಿತು, ಮುಂದುವರಿಯಬಹುದು. ಋಣ ಸಂಖ್ಯೆ ಬಂದರೆ ಸಿಗಲಿಲ್ಲ, ಹಿಂತಿರುಗಬೇಕು. ಕಾಯುವ ಸಮಯವನ್ನು ಸೊನ್ನೆಗೆ ಇಟ್ಟರೆ ಉತ್ತರ ಕೂಡಲೇ ಬರುತ್ತದೆ. ಲಾಕ್ ಅನ್ನು ಸೆಷನ್ ಹೆಸರಿನಲ್ಲಿ ಪಡೆದಿದ್ದರೆ, ಸಂಪರ್ಕ ಕಡಿದು ಸೆಷನ್ ಮುಗಿದಾಗ ಅದು ತಾನಾಗಿಯೇ ಬಿಡುಗಡೆಯಾಗುತ್ತದೆ. ‘ಜಾಬ್ ಓಡುತ್ತಿದೆ’ ಎಂದು ಒಂದು ಟೇಬಲ್‌ನಲ್ಲಿ ಗುರುತು ಹಾಕಿಡುವ ಹಳೆಯ ಪದ್ಧತಿಯಲ್ಲಿ ಈ ಸೌಕರ್ಯವಿಲ್ಲ. ಜಾಬ್ ನಡುವೆ ಬಿದ್ದರೆ ಆ ಗುರುತು ಹಾಗೇ ಉಳಿದು, ಮರುದಿನದ ಜಾಬ್ ಕೂಡ ಶುರುವಾಗುವುದಿಲ್ಲ.