ಲಡಾಖ್ ಪ್ರವಾಸಕ್ಕೆ ಚೀಲ ಕಟ್ಟುವ ವಿವೇಕ

ದೂರದ ಪ್ರವಾಸಕ್ಕೆ ಹೊರಡುವವರು ಒಯ್ಯುವ ಸಾಮಾನನ್ನು ಹೆಚ್ಚಿನ ವೇಳೆ ನಿರ್ಧರಿಸುವುದು ಎರಡೇ ಸಂಗತಿಗಳು: ಮನೆಯಲ್ಲಿ ಇರುವ ಸೂಟ್‌ಕೇಸಿನ ಗಾತ್ರ ಮತ್ತು ಎಲ್ಲಿಯಾದರೂ ಬೇಕಾದೀತೆಂಬ ಆತಂಕ. ಇವೆರಡಕ್ಕೂ ಹೋಗುವ ಊರಿನ ಹವೆಗೂ ದಾರಿಗೂ ಸಂಬಂಧವಿಲ್ಲವಾದ್ದರಿಂದ, ಹೀಗೆ ಕಟ್ಟಿದ ಗಂಟು ಹೊರಲು ಭಾರವಾಗುವುದಲ್ಲದೆ ಅಗತ್ಯದ ಹೊತ್ತಿನಲ್ಲಿ ಕೈಕೊಡುತ್ತದೆ ಕೂಡ. ಇದಕ್ಕಿಂತ ನೆಚ್ಚಬಹುದಾದ ಕ್ರಮವೆಂದರೆ, ಇಡೀ ಪ್ರಯಾಣದಲ್ಲಿ ಅತ್ಯಂತ ಕಠಿಣವಾದ ಹಂತ ಯಾವುದು, ಅಲ್ಲಿ ಹಣ ಕೊಟ್ಟರೂ ಸಿಗದಿರುವುದು ಯಾವುದು, ಯಾವುದು ಇಲ್ಲದಿದ್ದರೆ ಜೀವಕ್ಕೋ ಮುಂದಿನ ದಾರಿಗೋ ಅಡ್ಡಿಯಾಗುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದುದನ್ನೆಲ್ಲ ಅದರ ಆಧಾರದ ಮೇಲೆ ತೀರ್ಮಾನಿಸುವುದು. ಬೆಂಗಳೂರಿನಿಂದ ವಿಮಾನದಲ್ಲಿ ಲೇಹ್ ತಲುಪಿ, ಅಲ್ಲಿಂದ ನುಬ್ರಾ ಕಣಿವೆ, ಪ್ಯಾಂಗಾಂಗ್ ಸರೋವರ ಮತ್ತು ಖಗೋಳ ವೀಕ್ಷಣಾಲಯವಿರುವ ಹಾನ್ಲೆಯನ್ನು ನೋಡಿಬರುವ ಬೇಸಿಗೆಯ ಪ್ರವಾಸವನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಈ ಕ್ರಮದ ಪ್ರಯೋಜನ ಸ್ಪಷ್ಟವಾಗುತ್ತದೆ.

ಲಡಾಖನ್ನು ಕಠಿಣವಾಗಿಸುವುದು ಮೊದಲನೆಯದಾಗಿ ಅದರ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದ್ದು, ಪ್ಯಾಂಗಾಂಗ್ ಸರೋವರದ ದಂಡೆ 4,200 ಮೀಟರನ್ನೂ, ನುಬ್ರಾಕ್ಕೆ ಹೋಗುವ ಖರ್ದುಂಗ್ ಲಾ ಘಟ್ಟದ ನೆತ್ತಿ 5,300 ಮೀಟರನ್ನೂ ಮೀರುತ್ತವೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇಕಡಾ 21ರಷ್ಟೇ ಇರುತ್ತದೆಯಾದರೂ, ಮೇಲಕ್ಕೆ ಹೋದಂತೆ ವಾಯುವಿನ ಒತ್ತಡ ಕುಗ್ಗುವುದರಿಂದ, ಲೇಹ್‌ನಲ್ಲಿ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ. ಎರಡನೆಯದು ಒಣಹವೆ: ಹಿಮಾಲಯದ ಶ್ರೇಣಿಗಳು ಮುಂಗಾರನ್ನು ತಡೆಯುವುದರಿಂದ ಇಲ್ಲಿ ವರ್ಷವಿಡೀ ಬೀಳುವ ಮಳೆ ಮತ್ತು ಹಿಮದ ಮೊತ್ತ ಸುಮಾರು 100 ಮಿಲಿಮೀಟರ್ ಮಾತ್ರ, ಆಗುಂಬೆಯಲ್ಲಿ ಮುಂಗಾರಿನ ಒಂದೇ ದಿನ ಇಷ್ಟು ಸುರಿಯುವುದು ಅಪರೂಪವೇನಲ್ಲ. ಮೂರನೆಯದಾಗಿ, ತೆಳುವಾದ ಒಣಗಾಳಿ ಶಾಖವನ್ನು ಹಿಡಿದಿಡಲಾರದ ಕಾರಣ ಹಗಲಿನ ಬಿಸಿಲು ಚರ್ಮವನ್ನು ಸುಡುವಷ್ಟು ತೀಕ್ಷ್ಣವಾಗಿದ್ದರೂ, ಸೂರ್ಯ ಮುಳುಗಿದ ಕೂಡಲೇ ಚಳಿ ಕೊರೆಯತೊಡಗುತ್ತದೆ. ಸಾಮಾನಿನ ಪ್ರತಿಯೊಂದು ಆಯ್ಕೆಯೂ ಈ ಮೂರು ಸಂಗತಿಗಳಿಗೆ ಉತ್ತರವಾಗಿರಬೇಕು.

ಚೀಲ ಮತ್ತು ತೂಕ

ದೇಶದೊಳಗಿನ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ಪ್ರಯಾಣಿಕರು ವಿಮಾನದ ಒಡಲಿಗೆ ಹಾಕುವ ಸಾಮಾನಿಗೆ 15 ಕಿಲೋ ಮತ್ತು ಜೊತೆಯಲ್ಲಿ ಒಯ್ಯುವ ಕೈಚೀಲಕ್ಕೆ 7 ಕಿಲೋ ಮಿತಿಯಿರುವುದು ರೂಢಿ. ಆದರೆ ಲಡಾಖ್‌ನಂಥ ಕಡೆ ಚೀಲದ ತೂಕವನ್ನು ವಿಮಾನದ ನಿಯಮಕ್ಕಿಂತಲೂ ಬಿಗಿಯಾಗಿ ಮಿತಗೊಳಿಸುವುದು ಪ್ರಯಾಣಿಕರ ಸ್ವಂತ ಉಸಿರು. ಬೆಂಗಳೂರಿನಲ್ಲಿ ನಿರಾಯಾಸವಾಗಿ ಎತ್ತಿದ ಚೀಲವನ್ನೇ ಲೇಹ್‌ನ ಅತಿಥಿಗೃಹದ ಎರಡನೆಯ ಮಹಡಿಗೆ ಹೊತ್ತೊಯ್ಯುವಾಗ ಏದುಸಿರು ಬರುತ್ತದೆ.

ಗಾಲಿಯ ಸೂಟ್‌ಕೇಸು ಇಲ್ಲಿ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಅದರ ಹುಟ್ಟೇ ಹೇಳುತ್ತದೆ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಪೆಟ್ಟಿಗೆಯ ತಳಕ್ಕೆ ನಾಲ್ಕು ಗಾಲಿ ಜೋಡಿಸಿ, ಪಟ್ಟಿಯಿಂದ ಎಳೆದೊಯ್ಯುವ ವಿಧಾನಕ್ಕೆ 1972ರಲ್ಲಿ ಪೇಟೆಂಟ್ ಪಡೆದರು. ಎರಡು ಗಾಲಿಗಳ ಮೇಲೆ ನೆಟ್ಟಗೆ ನಿಂತು, ಉದ್ದದ ಹಿಡಿಯಿಂದ ಸಾಗುವ ಇಂದಿನ ಮಾದರಿಯನ್ನು ವಿಮಾನ ಚಾಲಕ ರಾಬರ್ಟ್ ಪ್ಲಾತ್ 1987ರಲ್ಲಿ ರೂಪಿಸಿದರು. ವಿಮಾನ ನಿಲ್ದಾಣದ ನುಣುಪು ನೆಲಕ್ಕಾಗಿ ಹುಟ್ಟಿದ ಈ ಸಾಧನ ಜಲ್ಲಿಕಲ್ಲಿನ ದಾರಿಯಲ್ಲಿ ಎಳೆಯಲು ಬಾರದೆ ಬರಿಯ ಹೊರೆಯಾಗುತ್ತದೆ, ಮತ್ತು ಗಟ್ಟಿ ಚಿಪ್ಪಿನ ಪೆಟ್ಟಿಗೆ ಟ್ಯಾಕ್ಸಿಯ ಮೇಲಿನ ಕ್ಯಾರಿಯರ್‌ನಲ್ಲಿ ಇತರ ಸಾಮಾನಿನ ನಡುವೆ ಅಡಕವಾಗುವುದಿಲ್ಲ. ಆದುದರಿಂದ 45ರಿಂದ 55 ಲೀಟರ್ ಹಿಡಿಯುವ ಬೆನ್ನುಚೀಲವೊಂದು ಮತ್ತು ದಿನದ ಬಳಕೆಗೆ ಸಣ್ಣ ಚೀಲವೊಂದು ಸಾಕಾಗುತ್ತವೆ. ಚೀಲದ ಗಾತ್ರವನ್ನು ಲೀಟರಿನಲ್ಲಿ ಹೇಳುವುದು ಅದರೊಳಗಿನ ಜಾಗದ ಅಳತೆಯನ್ನು ಸೂಚಿಸಲು. ಬೆನ್ನುಚೀಲಕ್ಕೆ ಸೊಂಟಪಟ್ಟಿ ಇರಲೇಬೇಕು, ಏಕೆಂದರೆ ಅದನ್ನು ಬಿಗಿದಾಗ ಹೊರೆಯ ಹೆಚ್ಚಿನ ಪಾಲು ಭುಜದಿಂದ ಸೊಂಟದ ಮೂಳೆಗೆ ಇಳಿಯುತ್ತದೆ. ಭಾರದ ವಸ್ತುಗಳು ಬೆನ್ನಿಗೆ ತಾಗಿದಂತೆ ನಡುಭಾಗದಲ್ಲಿದ್ದರೆ ಚೀಲ ಹಿಂದಕ್ಕೆ ಜಗ್ಗುವುದಿಲ್ಲ.

ಔಷಧಿಗಳು, ಗುರುತಿನ ಚೀಟಿ, ಒಂದು ಬೆಚ್ಚನೆಯ ಉಡುಪು ಇವು ಕೈಚೀಲದಲ್ಲೇ ಇರುವುದು ಒಳಿತು. ದೊಡ್ಡ ಚೀಲ ಒಂದು ದಿನ ತಡವಾಗಿ ಬಂದರೂ ಮೊದಲ ರಾತ್ರಿಗೆ ತೊಂದರೆಯಾಗುವುದಿಲ್ಲ. ವಾಯುವಿನ ಒತ್ತಡ ಕುಗ್ಗಿದಾಗ ಮುಚ್ಚಿದ ಪೊಟ್ಟಣದೊಳಗಿನ ಗಾಳಿ ಹಿಗ್ಗುತ್ತದೆಂಬುದನ್ನೂ ನೆನಪಿಡಬೇಕು. ಬೆಂಗಳೂರಿನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಲೇಹ್‌ನಲ್ಲಿ ಉಬ್ಬಿ ನಿಲ್ಲುವುದಕ್ಕೂ, ಶಾಂಪೂ ಬಾಟಲಿಯ ಮುಚ್ಚಳ ತೆರೆದೊಡನೆ ಒಳಗಿನದು ತಾನಾಗಿ ಉಕ್ಕುವುದಕ್ಕೂ ಇದೇ ಕಾರಣ. ಬಾಟಲಿಯನ್ನು ತುಸು ಅದುಮಿ ಗಾಳಿ ಹೊರಹಾಕಿ ಮುಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟರೆ ಬಟ್ಟೆಗಳು ಉಳಿಯುತ್ತವೆ.

ಉಡುಪಿನ ಮೂರು ಪದರ

ಚಳಿಗೆ ದಪ್ಪನೆಯ ಕೋಟೊಂದೇ ಮದ್ದೆಂಬ ಎಣಿಕೆ ದಕ್ಷಿಣದವರಲ್ಲಿ ವ್ಯಾಪಕವಾಗಿದೆ. ಆದರೆ ಹಗಲು ಸೆಕೆ, ರಾತ್ರಿ ಕೊರೆತ ಇರುವ ಕಡೆ ಬೇಕಾದಂತೆ ತೊಟ್ಟು ಕಳಚಬಹುದಾದ ತೆಳು ಪದರಗಳೇ ಹೆಚ್ಚು ಉಪಯುಕ್ತ, ಏಕೆಂದರೆ ಮೈಯ ಶಾಖವನ್ನು ಕಾಯುವುದು ಬಟ್ಟೆಯ ಎಳೆಗಳಿಗಿಂತ ಹೆಚ್ಚಾಗಿ ಅವುಗಳ ನಡುವೆ ಸಿಲುಕಿದ ನಿಶ್ಚಲವಾದ ಗಾಳಿ. ಮೈಗೆ ತಾಗುವ ಒಳಪದರ ಬೆವರನ್ನು ಹೀರಿ ಬೇಗ ಒಣಗಬೇಕು. ಹತ್ತಿಬಟ್ಟೆ ಬೆವರನ್ನು ಹಿಡಿದಿಟ್ಟುಕೊಂಡು ಸಂಜೆಯ ಹೊತ್ತಿಗೆ ಮೈಯನ್ನು ತಣ್ಣಗಾಗಿಸುವುದರಿಂದ ಇಲ್ಲಿ ತೆಳು ಉಣ್ಣೆಯ ಅಥವಾ ಕೃತಕ ನೂಲಿನ ಥರ್ಮಲ್ ಉಡುಪು ಸೂಕ್ತ. ನಡುಪದರದ ಕೆಲಸ ಗಾಳಿಯನ್ನು ಸೆರೆಹಿಡಿಯುವುದು. ಫ್ಲೀಸ್ ಎಂಬ ಮೆತ್ತನೆಯ ಕೃತಕ ಉಣ್ಣೆ ಅಥವಾ ಬಾತುಕೋಳಿಯ ಮೃದುಗರಿ ತುಂಬಿದ ಜಾಕೆಟ್ ಇದಕ್ಕೆ ಒದಗುತ್ತದೆ. ಹೊರಪದರ ಬೀಸುಗಾಳಿಯನ್ನು ತಡೆಯುವ ತೆಳು ಜಾಕೆಟ್.

ಗರಿಯ ಜಾಕೆಟ್ ನೆನೆದರೆ ಗರಿಗಳು ಮುದ್ದೆಯಾಗಿ ಶಾಖ ಹಿಡಿಯುವ ಗುಣವನ್ನು ಕಳೆದುಕೊಳ್ಳುವುದರಿಂದ, ಅದು ಲಡಾಖ್‌ನ ಒಣಚಳಿಗೆ ತಕ್ಕುದಾದರೂ ಮಲೆನಾಡಿನ ಮಳೆಗಾಲಕ್ಕೆ ತಕ್ಕುದಲ್ಲ. ಉಣ್ಣೆಯಾದರೋ ನೆನೆದ ಮೇಲೂ ಒಂದಿಷ್ಟು ಬಿಸುಪನ್ನು ಉಳಿಸಿಕೊಳ್ಳುತ್ತದೆ. ಮಲೆನಾಡಿನ ಗದ್ದೆಗಳಲ್ಲಿ ತಲೆತಲಾಂತರದಿಂದ ಕಂಬಳಿಕೊಪ್ಪೆ ಬಳಕೆಯಲ್ಲಿದ್ದುದಕ್ಕೆ ಈ ಗುಣವೇ ಆಧಾರ. ಒಂದು ಊರಿಗೆ ಅತ್ಯುತ್ತಮವಾದ ವಸ್ತು ಇನ್ನೊಂದು ಊರಿಗೆ ವ್ಯರ್ಥವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಎತ್ತರ ಹೆಚ್ಚಿದಂತೆ ಪ್ರತಿ ಸಾವಿರ ಮೀಟರಿಗೆ ಅತಿನೇರಳೆ ಕಿರಣಗಳ ತೀವ್ರತೆ ಸುಮಾರು ಶೇಕಡಾ 10ರಷ್ಟು ಏರುತ್ತದೆ, ಹಿಮವಿದ್ದಲ್ಲಿ ಅದರ ಪ್ರತಿಫಲನವೂ ಸೇರುತ್ತದೆ. ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಮುಲಾಮು ಹಾಗೂ ಯುವಿ 400 ಎಂಬ ಗುರುತಿರುವ ಕಪ್ಪು ಕನ್ನಡಕ ಆದುದರಿಂದಲೇ ಅಗತ್ಯ ವಸ್ತುಗಳ ಸಾಲಿಗೆ ಸೇರುತ್ತವೆ. ಬರಿಯ ಬಣ್ಣದ ಗಾಜಿನ ಅಗ್ಗದ ಕನ್ನಡಕ ಬೆಳಕನ್ನು ತಗ್ಗಿಸಿ ಕಣ್ಣಿನ ಪಾಪೆಯನ್ನು ಅರಳಿಸುತ್ತದೆ, ಆದರೆ ಅತಿನೇರಳೆ ಕಿರಣಗಳನ್ನು ತಡೆಯದೆ ಒಳಬಿಡುವುದರಿಂದ ಅಪಾಯವನ್ನೇ ಹೆಚ್ಚಿಸಬಹುದು.

ಔಷಧಿ ಮತ್ತು ಆಮ್ಲಜನಕ

ಎತ್ತರದ ಅಸ್ವಸ್ಥತೆ ಎಂದು ಕರೆಯುವ ತೊಂದರೆ ತಲೆನೋವು, ವಾಕರಿಕೆ, ಸುಸ್ತು, ನಿದ್ರಾಭಂಗಗಳಿಂದ ಆರಂಭವಾಗಿ, ನಿರ್ಲಕ್ಷಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಥವಾ ಮಿದುಳು ಊದಿಕೊಳ್ಳುವ ಮಾರಕ ಸ್ಥಿತಿಗೆ ತಿರುಗಬಲ್ಲದು. ಇದನ್ನು ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆ ಬಳಕೆಯಲ್ಲಿದ್ದರೂ, ಸಲ್ಫಾ ಔಷಧಿಗಳ ಅಲರ್ಜಿ ಇರುವವರಿಗೂ ಮೂತ್ರಪಿಂಡದ ತೊಂದರೆ ಇರುವವರಿಗೂ ಅದು ಹೊಂದದಿರಬಹುದಾದ್ದರಿಂದ, ಹೊರಡುವ ಮೊದಲೇ ವೈದ್ಯರನ್ನು ಕಂಡು ಪ್ರಮಾಣವನ್ನು ತಿಳಿದುಕೊಳ್ಳಬೇಕು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಹಗುರವಾದ್ದರಿಂದ ಒಯ್ಯಬಹುದು, ಆದರೆ ಬೆರಳು ತಣ್ಣಗಿದ್ದಾಗ ಅದು ತಪ್ಪು ತೋರಿಸುತ್ತದೆ. ಅಂಕಿ ಚೆನ್ನಾಗಿದ್ದರೂ ತಲೆನೋವು ಏರುತ್ತಿದ್ದರೆ ಲಕ್ಷಣವನ್ನೇ ನಂಬಬೇಕು. ಆಮ್ಲಜನಕದ ಸಣ್ಣ ಡಬ್ಬಿಗಳು ಲೇಹ್‌ನಲ್ಲೇ ದೊರೆಯುತ್ತವೆ, ಮತ್ತು ಅವು ಕೆಲವೇ ನಿಮಿಷ ಬರುವುದರಿಂದ ಅವುಗಳ ಭರವಸೆಯ ಮೇಲೆ ಮತ್ತಷ್ಟು ಮೇಲೇರುವುದು ಅಪಾಯಕರ. ಲಕ್ಷಣಗಳು ಉಲ್ಬಣಿಸಿದರೆ ನಿಜವಾದ ಚಿಕಿತ್ಸೆ ತಡಮಾಡದೆ ಕೆಳಗಿಳಿಯುವುದೇ.

ಫೋನು, ಬ್ಯಾಟರಿ ಮತ್ತು ಆ್ಯಪ್‌ಗಳು

ಕಠಿಣ ಹಂತದಲ್ಲಿ ಒದಗುತ್ತದೆಯೇ ಎಂಬ ಅಳತೆಗೋಲು ಆ್ಯಪ್‌ಗಳ ಆಯ್ಕೆಗೂ ಅನ್ವಯಿಸುತ್ತದೆ. ಇತರ ರಾಜ್ಯಗಳಲ್ಲಿ ಪಡೆದ ಪ್ರೀಪೇಯ್ಡ್ ಸಿಮ್‌ಗಳು ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಸಂಪರ್ಕವೂ ಪಟ್ಟಣ ಬಿಟ್ಟೊಡನೆ ಬಂದು ಹೋಗುತ್ತಿರುತ್ತದೆ. ಇದರ ಪರಿಣಾಮ ಕರೆಗಳಿಗಷ್ಟೇ ಸೀಮಿತವಲ್ಲ. ಬ್ಯಾಂಕಿನ ಖಾತೆಗೆ ಜೋಡಿಸಿದ ಸಂಖ್ಯೆ ಪ್ರೀಪೇಯ್ಡ್ ಆಗಿದ್ದರೆ ಅದಕ್ಕೆ ಬರಬೇಕಾದ ಒಟಿಪಿ, ಅಂದರೆ ಒಂದು ಬಾರಿಗೆ ಮಾತ್ರ ಸಲ್ಲುವ ಗುಪ್ತಸಂಖ್ಯೆ, ಬರುವುದೇ ಇಲ್ಲವಾದ್ದರಿಂದ ಅತಿಥಿಗೃಹದ ವೈಫೈ ಸಿಕ್ಕಿದರೂ ಅನೇಕ ಸೇವೆಗಳು ತೆರೆದುಕೊಳ್ಳುವುದಿಲ್ಲ. ಆದಕಾರಣ ಹೊರಡುವ ಮೊದಲೇ ಸಂಖ್ಯೆಯನ್ನು ಪೋಸ್ಟ್‌ಪೇಯ್ಡ್‌ಗೆ ಬದಲಾಯಿಸಿಕೊಳ್ಳಬೇಕು, ಮತ್ತು ಯುಪಿಐ ಪಾವತಿಯನ್ನೇ ನಂಬದೆ ಲೇಹ್‌ನ ಎಟಿಎಂಗಳಲ್ಲಿ ಸಾಕಷ್ಟು ನಗದು ಪಡೆದು ಮುಂದೆ ಹೋಗಬೇಕು.

ಆದರೆ ಸಿಗ್ನಲ್ ಇಲ್ಲದ ಕಡೆ ಫೋನು ನಿರುಪಯುಕ್ತವಾಗುತ್ತದೆಂದು ತಿಳಿಯಬೇಕಾಗಿಲ್ಲ. ಫೋನಿನ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ನೇರವಾಗಿ ಗ್ರಹಿಸುವುದರಿಂದ ಸ್ಥಳ ತಿಳಿಯಲು ಮೊಬೈಲ್ ಜಾಲ ಬೇಕಿಲ್ಲ. ಜಾಲ ಬೇಕಾಗುವುದು ನಕಾಶೆಯನ್ನು ಇಳಿಸಿಕೊಳ್ಳಲು ಮಾತ್ರ. ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದ ಪ್ರದೇಶವನ್ನು ಮೊದಲೇ ಉಳಿಸಿಕೊಳ್ಳಬಹುದು. ಸ್ವಯಂಸೇವಕರು ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂಆ್ಯಂಡ್ ಆ್ಯಪ್‌ಗಳು ಕಾಲುದಾರಿಗಳನ್ನೂ ತೋರಿಸುತ್ತವೆ. ಗುರುತಿನ ದಾಖಲೆಗೆ 2015ರಿಂದ ಬಳಕೆಯಲ್ಲಿರುವ ಡಿಜಿಲಾಕರ್ ಇದ್ದರೂ ತಪಾಸಣೆಯ ಠಾಣೆಗಳಲ್ಲಿ ಅದು ತೆರೆಯದಿರಬಹುದಾದ್ದರಿಂದ ಮೂಲ ಚೀಟಿಯೂ ಅದರ ಪ್ರತಿಯೂ ಜೊತೆಗಿರಬೇಕು. 2010ರ ಆಗಸ್ಟ್‌ನಲ್ಲಿ ಮೇಘಸ್ಫೋಟದಿಂದ ಲೇಹ್‌ನಲ್ಲಿ ಭೀಕರ ಪ್ರವಾಹ ಬಂದುದನ್ನು ನೆನೆದರೆ, ಹವಾಮಾನ ಇಲಾಖೆಯ ಮೌಸಮ್ ಹಾಗೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್‌ಗಳನ್ನು ಸಿಗ್ನಲ್ ಇರುವಾಗಲೆಲ್ಲ ನೋಡಿಕೊಳ್ಳುವುದರ ಮಹತ್ವ ತಿಳಿಯುತ್ತದೆ. ಯಾವ ಆ್ಯಪ್ ನೆಚ್ಚಬಹುದೆಂದು ಅರಿಯಲು ಮನೆಯಲ್ಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಒಂದೊಂದನ್ನೂ ತೆರೆದು ನೋಡಬೇಕು; ಆಗಲೂ ನಕಾಶೆ, ಟಿಕೆಟು, ದೂರವಾಣಿ ಸಂಖ್ಯೆಗಳನ್ನು ತೋರಿಸುವ ಆ್ಯಪ್‌ಗಳು ಮಾತ್ರ ಹಾನ್ಲೆಯವರೆಗೆ ಜೊತೆಗೆ ಬರುತ್ತವೆ.

ಫೋನಿಗೆ ಜೀವ ತುಂಬುವ ಪವರ್ ಬ್ಯಾಂಕನ್ನು ವಿಮಾನದ ಒಡಲಿಗೆ ಹಾಕುವ ಚೀಲದಲ್ಲಿ ಇಡುವಂತಿಲ್ಲ, ಏಕೆಂದರೆ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಅಲ್ಲಿ ನಂದಿಸುವವರಿರುವುದಿಲ್ಲ. ವಿಶೇಷ ಅನುಮತಿಯಿಲ್ಲದೆ ಕೈಚೀಲದಲ್ಲಿ ಒಯ್ಯಬಹುದಾದ ಮಿತಿ 100 ವಾಟ್-ಅವರ್. 20,000 ಮಿಲಿಆಂಪಿಯರ್-ಅವರ್ ಎಂದು ಬರೆದಿರುವ ಸಾಧನದ ಆಂಪಿಯರ್-ಅವರನ್ನು 3.7 ವೋಲ್ಟಿನಿಂದ ಗುಣಿಸಿದರೆ 74 ವಾಟ್-ಅವರ್ ಆಗುವುದರಿಂದ ಅದು ಮಿತಿಯೊಳಗಿದೆ. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನಗೊಂಡು ಶಕ್ತಿ ಬೇಗ ಕುಗ್ಗುವ ಕಾರಣ ರಾತ್ರಿ ಅದನ್ನು ಹೊದಿಕೆಯೊಳಗೆ ಇಟ್ಟುಕೊಳ್ಳುವುದು ಲೇಸು. ಉಪಗ್ರಹ ಫೋನು ಮತ್ತು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳನ್ನು ಭಾರತದಲ್ಲಿ ಅನುಮತಿಯಿಲ್ಲದೆ ಹೊಂದುವುದು ಅಪರಾಧ. ಹೊರದೇಶಗಳಲ್ಲಿ ಇವು ಚಾರಣಿಗರ ಸಾಮಾನ್ಯ ಉಪಕರಣಗಳಾದ್ದರಿಂದ ಅಲ್ಲಿ ನೆಲೆಸಿ ರಜೆಗೆ ಬರುವ ಕನ್ನಡಿಗರು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು.

ಟಾರ್ಚಿನ ಆಯ್ಕೆಯನ್ನೂ ಹೋಗುವ ಊರೇ ನಿರ್ಧರಿಸುತ್ತದೆ. ಹಾನ್ಲೆಯ ಖಗೋಳ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅಲ್ಲಿನ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಿಯಂತ್ರಿಸುತ್ತಾರೆ. 2022ರಲ್ಲಿ ಸುತ್ತಲಿನ ಪ್ರದೇಶವನ್ನು ಕತ್ತಲಾಗಸದ ಸಂರಕ್ಷಿತ ವಲಯವೆಂದು ಘೋಷಿಸಲಾಗಿದೆ. ಕೆಂಪು ಬೆಳಕು ಕತ್ತಲೆಗೆ ಒಗ್ಗಿದ ಕಣ್ಣನ್ನು ಕೆಡಿಸುವುದಿಲ್ಲವಾದ್ದರಿಂದ, ತಲೆಗೆ ಕಟ್ಟುವ ಟಾರ್ಚು ಕೊಳ್ಳುವವರು ಕೆಂಪು ದೀಪವೂ ಇರುವುದನ್ನು ಆರಿಸಿದರೆ ಅದು ಅವರಿಗೂ ಆ ಊರಿಗೂ ಹಿತ.

ಕೊನೆಯಲ್ಲಿ ಎಲ್ಲ ಸಾಮಾನನ್ನೂ ನೆಲದ ಮೇಲೆ ಹರಡಿ, ಲೇಹ್ ದಾಟಿದ ಮೇಲೆ ಸಿಗದವುಗಳನ್ನು ಮೊದಲು ಚೀಲಕ್ಕೆ ಸೇರಿಸಿ, ಲೇಹ್‌ನ ಅಂಗಡಿಗಳಲ್ಲಿ ಕೊಳ್ಳಲು ಅಥವಾ ಬಾಡಿಗೆಗೆ ಪಡೆಯಲು ಸಿಗುವವುಗಳನ್ನು ಮನೆಯಲ್ಲೇ ಬಿಡಬೇಕು. ಆದರೆ ಯಾವ ಚೀಲದಲ್ಲೂ ತುಂಬಲಾಗದ, ಯಾವ ಅಂಗಡಿಯಲ್ಲೂ ದೊರೆಯದ ಅಗತ್ಯವೊಂದಿದೆ: ವಿಮಾನದಿಂದ ಇಳಿದ ಮೇಲೆ ಕನಿಷ್ಠ ಎರಡು ದಿನ ಲೇಹ್‌ನಲ್ಲೇ ಸುಮ್ಮನಿದ್ದು, ತೆಳುಗಾಳಿಗೆ ಒಗ್ಗಿಕೊಳ್ಳಲು ಮೈಗೆ ಅವಕಾಶ ಕೊಡುವುದು. ರಜೆ ಕಡಿಮೆಯಿದ್ದರೆ ಹಾನ್ಲೆಯನ್ನೋ ಪ್ಯಾಂಗಾಂಗನ್ನೋ ಕೈಬಿಡಬಹುದೇ ಹೊರತು ಈ ಎರಡು ದಿನಗಳನ್ನು ಕೈಬಿಡುವಂತಿಲ್ಲ. ಆದುದರಿಂದ ಪ್ರವಾಸದ ಪಟ್ಟಿ ಬರೆಯಲು ಕುಳಿತವರು ಅದರ ಮೊದಲ ಸಾಲಿನಲ್ಲಿ ಈ ವಿಶ್ರಾಂತಿಯನ್ನೇ ಬರೆದುಕೊಳ್ಳಬೇಕು.