ದೋಣಿ ಒಂದೂರಿನದ್ದು, ಹುಟ್ಟು ಇನ್ನೊಂದೂರಿನದ್ದು



2025ರ ಓಣಂ ರಜೆಯಲ್ಲಿ ನಾನು ಅಮ್ಮನ ಜೊತೆ ರೈಲಿನಲ್ಲಿ ಆಲಪ್ಪುಳಕ್ಕೆ ಹೋಗಿದ್ದೆ. ನನ್ನ ಸೋದರಮಾವ ಅಲ್ಲಿ ಹೌಸ್‌ಬೋಟಿನಲ್ಲಿ ಅಡುಗೆ ಮಾಡುತ್ತಾರೆ. ಆಗಸ್ಟ್ 30ರಂದು ಪುನ್ನಮಡ ಕಾಯಲಿನಲ್ಲಿ ನೆಹರೂ ಟ್ರೋಫಿ ದೋಣಿ ಓಟ ಇತ್ತು. ರಜೆ ಮುಗಿಸಿ ಬಂದು ಕ್ಲಾಸಿನಲ್ಲಿ “ವೀಯಪುರಂ ಗೆದ್ದಿತು” ಎಂದೆ. ಟಿ.ವಿ. ನೋಡಿದ ಒಬ್ಬ “ಸುಳ್ಳು, ಗೆದ್ದದ್ದು ಕೈನಕರಿ” ಎಂದು ಜಗಳಕ್ಕೇ ಬಂದ. ನಿಜ ಹೇಳಬೇಕೆಂದರೆ ನಾವು ಇಬ್ಬರು ಹೇಳಿದ್ದೂ ಸರಿ. ಅದು ಹೇಗೆಂದು ತಿಳಿಸಲು ಈ ಲೇಖನ.

ಅಲ್ಲಿಯ ಉದ್ದ ದೋಣಿಗೆ ಚುಂಡನ್ ಎಂದು ಹೆಸರು. ನೂರು ಅಡಿಗಿಂತಲೂ ಉದ್ದ ಉಂಟು. ಹೆಬ್ಬಲಸಿನ ಮರದಿಂದ ಮಾಡುತ್ತಾರೆ. ಹಿಂಭಾಗ ಹಾವು ಹೆಡೆ ಎತ್ತಿದ ಹಾಗೆ ಮೇಲಕ್ಕೆ ಏಳುತ್ತದೆ. ಹಿಂದಿನ ಕಾಲದಲ್ಲಿ ಚೆಂಬಕಶ್ಶೇರಿ ರಾಜರು ಯುದ್ಧಕ್ಕೆಂದು ಇಂಥ ದೋಣಿ ಮಾಡಿಸಿದರು ಎಂದು ಹೇಳುತ್ತಾರೆ. ಈಗ ಹೆಚ್ಚಿನ ಚುಂಡನ್‌ಗಳು ಊರಿನ ಸೊತ್ತು. ಊರವರೇ ಹಣ ಹಾಕಿ ಕಟ್ಟಿಸುತ್ತಾರೆ, ಊರಿನ ಹೆಸರನ್ನೇ ಇಡುತ್ತಾರೆ. ವೀಯಪುರಂ ಅಂದರೆ ಹಾಗೆ ಒಂದು ಊರೂ ಹೌದು, ದೋಣಿಯೂ ಹೌದು.

ಆದರೆ ಅಷ್ಟು ದೊಡ್ಡ ದೋಣಿಗೆ ನೂರು ಜನ ಒಂದೇ ತಾಳದಲ್ಲಿ ಹುಟ್ಟು ಹಾಕುವವರು ಬೇಕಲ್ಲ? ಅದಕ್ಕೇ ಬೋಟ್ ಕ್ಲಬ್ ಇರುವುದು. ಕ್ಲಬ್ಬಿನವರು ಆ ವರ್ಷಕ್ಕೆ ಯಾವುದಾದರೂ ಊರಿನ ದೋಣಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ. ನಮ್ಮ ಕಂಬಳವನ್ನು ನೆನಪು ಮಾಡಿಕೊಳ್ಳಿ. ಕೋಣ ಯಜಮಾನರದ್ದು, ಓಡಿಸುವವನು ಬೇರೆ. ಮೈಕಿನಲ್ಲಿ ಇಬ್ಬರ ಹೆಸರೂ ಹೇಳುತ್ತಾರಲ್ಲ, ಇದೂ ಹಾಗೆಯೇ!

ಪಳ್ಳಾತುರುತ್ತಿ ಬೋಟ್ ಕ್ಲಬ್ಬಿನವರು 2019ರಲ್ಲಿ ನಡುಭಾಗಂ, 2022ರಲ್ಲಿ ಕಾಟ್ಟಿಲ್ ತೆಕ್ಕೇದಿಲ್, 2023ರಲ್ಲಿ ವೀಯಪುರಂ, 2024ರಲ್ಲಿ ಕಾರಿಚ್ಚಾಲ್ ದೋಣಿಯಲ್ಲಿ ಗೆದ್ದರು. ಪ್ರತಿ ಸಲವೂ ದೋಣಿ ಬೇರೆ, ಕೈ ಮಾತ್ರ ಅದೇ. (2020 ಮತ್ತು 2021ರಲ್ಲಿ ಕೊರೋನಾದಿಂದ ಓಟ ಇರಲಿಲ್ಲ.) 2024ರದ್ದು ಕೇಳಿದರೆ ಮೈ ಜುಮ್ ಎನ್ನುತ್ತದೆ. ವೀಯಪುರಂ ಆ ವರ್ಷ ಕೈನಕರಿಯ ವಿಲೇಜ್ ಬೋಟ್ ಕ್ಲಬ್ಬಿನ ಕೈಯಲ್ಲಿತ್ತು. ಪಳ್ಳಾತುರುತ್ತಿಯವರು ಹಿಂದಿನ ವರ್ಷ ತಾವೇ ಗೆಲ್ಲಿಸಿದ್ದ ಅದೇ ದೋಣಿಯನ್ನು ಸೋಲಿಸಿದರು. ಎಷ್ಟು ಅಂತರ ಗೊತ್ತುಂಟಾ? 0.005 ಸೆಕೆಂಡು. ಕಣ್ಣು ಮುಚ್ಚಿ ತೆರೆಯಲಿಕ್ಕೂ ಅದಕ್ಕಿಂತ ಹೆಚ್ಚು ಸಮಯ ಬೇಕು. 2025ರಲ್ಲಿ ಅದೇ ಕೈನಕರಿಯವರು ಅದೇ ವೀಯಪುರದಲ್ಲಿ ಕೂತು ಗೆದ್ದರು. ಅದನ್ನು ನಾನು ಕಣ್ಣಾರೆ ನೋಡಿದ್ದು.

ಈ ಟ್ರೋಫಿ ಶುರುವಾದ ಕತೆ ಚಿಕ್ಕದು. 1952ರಲ್ಲಿ ಪ್ರಧಾನಿ ನೆಹರೂ ಅಲ್ಲಿಗೆ ಹೋದಾಗ ಅವರಿಗಾಗಿ ಓಟ ನಡೆಸಿದರು. ನಡುಭಾಗಂ ಗೆದ್ದಿತು. ನೆಹರೂ ಖುಷಿಯಾಗಿ ಕಾವಲಿನವರನ್ನೂ ಲೆಕ್ಕಿಸದೆ ದೋಣಿಗೆ ಹಾರಿದರಂತೆ. ಮತ್ತೆ ದೆಹಲಿಯಿಂದ ಬೆಳ್ಳಿಯ ಪುಟ್ಟ ಚುಂಡನ್ ಕಳಿಸಿಕೊಟ್ಟರು.

ಮಾವನ ಪಕ್ಕದ ಮನೆಯ ಅಣ್ಣ ಒಂದು ಕ್ಲಬ್ಬಿನಲ್ಲಿ ಹುಟ್ಟು ಹಾಕುತ್ತಾರೆ. (ಕ್ಲಬ್ಬಿನ ಹೆಸರು ಬರೆಯಬಾರದೆಂದು ಮಾವ ಹೇಳಿದ್ದಾರೆ.) ಅವರು ಲಾರಿ ಡ್ರೈವರು. ಅಭ್ಯಾಸ ಶುರುವಾದ ಮೇಲೆ ವಾರಗಟ್ಟಲೆ ಕೆಲಸಕ್ಕೆ ಹೋಗಲಿಲ್ಲ. ಎಲ್ಲರೂ ಒಂದೇ ಕಡೆ ಉಣ್ಣಬೇಕು, ಕುಡಿಯಬಾರದು. ದೋಣಿಯ ನಡುವೆ ಒಬ್ಬರು ನಿಂತು ಒನಕೆಯಂಥ ಕೋಲಿನಿಂದ ಹಲಗೆಗೆ ಗುದ್ದುತ್ತಾರೆ. ಆ ಪೆಟ್ಟಿಗೆ ಸರಿಯಾಗಿ ಎಲ್ಲರ ಹುಟ್ಟೂ ನೀರಿಗೆ ಬೀಳಬೇಕು. ಒಬ್ಬರದ್ದು ತಪ್ಪಿದರೂ ಪಕ್ಕದವರಿಗೆ ತಾಗುತ್ತದೆ. “ಅಕ್ಕಿ ಅಂಗಡಿಯಲ್ಲಿ ಸಾಲ, ಇವನಿಗೆ ದೋಣಿ!” ಎಂದು ಅಣ್ಣನ ಅಮ್ಮ ಬೈಯುತ್ತಿದ್ದರು. ಬೈದವರೇ ಓಟದ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ದಡದಲ್ಲಿ ಕೂತಿದ್ದರು.

ಈಗ ಕ್ಲಬ್ಬುಗಳಲ್ಲಿ ಹೊರರಾಜ್ಯದ ತುಂಬಾ ಗಟ್ಟಿ ಆಳುಗಳೂ ಇದ್ದಾರೆ. ನೂರಕ್ಕೆ 25ಕ್ಕಿಂತ ಹೆಚ್ಚು ಇರಬಾರದು ಎಂದು ನಿಯಮ. ಆದರೂ ಊರಿನ ಹುಡುಗರು ದಡದಲ್ಲಿ ಉಳಿಯುತ್ತಾರೆ ಎಂದು ಅಣ್ಣನಿಗೆ ಬೇಸರ. ನನಗೆ ಅವರು ಹೇಳಿದ್ದು ಸರಿ ಎನ್ನಿಸಿತು. ಆದರೆ ಮಾವ ಕೂಡ ಹೊರಗಿನಿಂದ ಹೋದವರೇ ಅಲ್ಲವಾ? ಅದನ್ನು ಕೇಳಿದ್ದಕ್ಕೆ ಅಣ್ಣ ನಕ್ಕು, “ನಿನ್ನ ಮಾವ ನಮಗೆ ಸಾರು ಮಾಡಿ ಕೊಟ್ಟಿದ್ದಾರೆ, ಅವರು ನಮ್ಮವರೇ” ಎಂದರು. ಹೆಂಗಸರು ತೆಕ್ಕನೋಡಿ ಎಂಬ ದೋಣಿಯಲ್ಲಿ ಹುಟ್ಟು ಹಾಕುತ್ತಾರೆ. ಚುಂಡನ್‌ನಲ್ಲಿ ಯಾಕಿಲ್ಲ ಎಂದೂ ಕೇಳಿದೆ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಅಣ್ಣನ ದೋಣಿ ಫೈನಲಿಗೆ ಬರಲಿಲ್ಲ. ರಾತ್ರಿ ಅವರ ಅಂಗೈಗೆ ಅಮ್ಮ ತೆಂಗಿನೆಣ್ಣೆ ಹಚ್ಚುತ್ತಿದ್ದರು, ಬೈಯುತ್ತಾ ಇದ್ದರು ಕೂಡ. ಸೋಮವಾರ ನಾವು ಏಳುವ ಮೊದಲೇ ಅವರ ಲಾರಿ ಹೋಗಿತ್ತು.

ಕೆಳಗೆ ಚುಂಡನ್‌ನ ಚಿತ್ರ ಬಿಡಿಸಿದ್ದೇನೆ. ಹುಟ್ಟು ಎಣಿಸಬೇಡಿ, ಹಾಳೆಯಲ್ಲಿ ಜಾಗ ಸಾಕಾಗದೆ ಮೂವತ್ತೆರಡೇ ಹಾಕಿದ್ದು.